ಜಾನ್ ಹರ್ಟ್ ಕೊಳ್ಳುವುದಾದರೆ ಮೊದಲು ಯಾವುದು?

ಬೆಂಗಳೂರಿನಲ್ಲಿ ಅಕೌಸ್ಟಿಕ್ ಗಿಟಾರ್ ಇರುವ ಮನೆಗಳಿಗೆ ಬರವಿಲ್ಲ. ನಾಲ್ಕು ಕಾರ್ಡ್ ಕಲಿತು, ಪಿಕ್ ಹಿಡಿದು ಮೇಲೆ ಕೆಳಗೆ ಬಾರಿಸಿ, ಕೊನೆಗೆ ಬೀರುವಿನ ಮೇಲೆ ಮಲಗುವ ಗಿಟಾರುಗಳೂ ಅಷ್ಟೇ ಇವೆ. ಅಂಥ ಗಿಟಾರನ್ನು ಕೆಳಗಿಳಿಸುವ ಶಕ್ತಿ ಯಾವುದಾದರೂ ಡಿಸ್ಕಿಗೆ ಇದ್ದರೆ ಅದು ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಮಿಸ್ಸಿಸ್ಸಿಪ್ಪಿ ಜಾನ್ ಹರ್ಟ್ ಅವರ ‘ಟುಡೇ!’. ವ್ಯಾನ್‌ಗಾರ್ಡ್ ಕಂಪನಿ 1966ರಲ್ಲಿ ಹೊರತಂದದ್ದು, 12 ಹಾಡು, ಒಬ್ಬ ಮನುಷ್ಯ, ಒಂದು ಗಿಟಾರು. ಇದರ ಜೊತೆಗೆ ಹೆಸರು ಹೇಳಲೇಬೇಕಾದ ಇನ್ನೊಂದು, ‘ಅವಲಾನ್ ಬ್ಲೂಸ್’ ಎಂಬ ಸಿಡಿ. 1928ರಲ್ಲಿ ಓಕೆ (OKeh) ಎಂಬ ರೆಕಾರ್ಡ್ ಕಂಪನಿಗೆ ಅವರು ಹಾಡಿದ್ದರಲ್ಲಿ ಇಂದು ಉಳಿದಿರುವ 13 ಹಾಡುಗಳೂ ಅದರಲ್ಲಿವೆ. ಕೊಲಂಬಿಯಾ 1996ರಲ್ಲಿ ತಂದ ಸಂಕಲನ. ಎರಡನ್ನೂ ಕೊಳ್ಳಬೇಕು. ಆದರೆ ಮೊದಲು 1966ರದ್ದು, ಆಮೇಲೆ 1928ರದ್ದು. ಈ ಕ್ರಮ ತಿರುವುಮುರುವಾದರೆ ಅನೇಕರು ಅರ್ಧಕ್ಕೇ ಕೈಬಿಡುತ್ತಾರೆ.

ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಬಾನಿ) ಅಂದರೆ ಎಲೆಕ್ಟ್ರಿಕ್ ಗಿಟಾರಿನ ತಂತಿ ಎಳೆದು ಅಳಿಸುವುದು ಎಂದುಕೊಂಡವರಿಗೆ ಮೊದಲ ಹಾಡಿನಲ್ಲೇ ಅಚ್ಚರಿ ಕಾದಿದೆ. ಇಲ್ಲಿ ಕೂಗಾಟವಿಲ್ಲ. ಪಡಸಾಲೆಯಲ್ಲಿ ಕುಳಿತ ಹಿರಿಯರೊಬ್ಬರು ಪಕ್ಕದವರಿಗಷ್ಟೇ ಕೇಳಿಸುವಂತೆ ಹಾಡುವ ದನಿ. ಗಿಟಾರು ಮಾತ್ರ ಇಬ್ಬರು ನುಡಿಸಿದಂತೆ ಕೇಳುತ್ತದೆ: ಕೆಳಗೆ ಒಬ್ಬರು ನಿಲ್ಲದೆ ಹೆಜ್ಜೆ ಹಾಕುತ್ತಿದ್ದಾರೆ, ಮೇಲೆ ಇನ್ನೊಬ್ಬರು ಹಾಡನ್ನೇ ತಂತಿಯಲ್ಲಿ ಹೇಳುತ್ತಿದ್ದಾರೆ. ಆ ಕೆಳಗಿನವರು ಹರ್ಟ್ ಅವರ ಹೆಬ್ಬೆರಳು. ಡಿಸ್ಕಿನ ಬೆಲೆ ಇರುವುದೆಲ್ಲ ಆ ಹೆಬ್ಬೆರಳಿನಲ್ಲಿ.

ಎರಡು ಡಿಸ್ಕುಗಳ ನಡುವೆ ಏಕೆ 35 ವರ್ಷಕ್ಕೂ ಹೆಚ್ಚಿನ ಅಂತರ ಎಂಬುದು ತಿಳಿದರೆ ಕೇಳುವ ಕಿವಿಯೇ ಬದಲಾಗುತ್ತದೆ. ಹರ್ಟ್ ಹುಟ್ಟಿದ್ದು 1890ರ ದಶಕದ ಮೊದಲ ವರ್ಷಗಳಲ್ಲಿ, ಮಿಸ್ಸಿಸ್ಸಿಪ್ಪಿ ರಾಜ್ಯದ ಕ್ಯಾರೊಲ್ ಕೌಂಟಿಯಲ್ಲಿ. ಬೆಳೆದದ್ದು ಅವಲಾನ್ ಎಂಬ ಸಣ್ಣ ಊರಿನಲ್ಲಿ. ಡೆಲ್ಟಾ ಎಂದು ಕರೆಯುವ ಹತ್ತಿಯ ಬಯಲು ಮುಗಿದು ಗುಡ್ಡ ಶುರುವಾಗುವ ಅಂಚು ಅದು. ಈ ಅಂಚಿನ ವಿಷಯ ಮುಖ್ಯ. ಬಯಲಿನಲ್ಲಿ ಚಾರ್ಲಿ ಪ್ಯಾಟನ್, ಸನ್ ಹೌಸ್ ಮುಂತಾದವರು ಗಂಟಲು ಬಿರಿಯುವಂತೆ ಹಾಡಿ, ತಂತಿಯನ್ನು ಬಡಿದು ನುಡಿಸುತ್ತಿದ್ದ ಕಾಲದಲ್ಲೇ ಇವರು ಇಷ್ಟು ಮೆತ್ತಗೆ ನುಡಿಸುತ್ತಿದ್ದರು. ಒಂದೇ ರಾಜ್ಯ, ಒಂದೇ ಕಾಲ, ಆದರೂ ಬೇರೆ ಬಾನಿ. ನಮ್ಮಲ್ಲಿ ಒಂದೇ ತತ್ವಪದ ಒಂದು ಊರಿನ ಭಜನೆ ಮೇಳದಲ್ಲಿ ಒಂದು ಥರ, ಹೊಳೆ ದಾಟಿದರೆ ಇನ್ನೊಂದು ಥರ ಕೇಳುವುದಿಲ್ಲವೇ, ಹಾಗೆ.

ಹಗಲು ಹೊಲದ ಕೆಲಸ, ಕೆಲಕಾಲ ರೈಲು ಹಳಿಯ ಕೆಲಸ, ರಾತ್ರಿ ಊರವರ ಕುಣಿತಕ್ಕೆ ಗಿಟಾರು. ನೆರೆಯ ಬಿಳಿಯ ಪಿಟೀಲುಗಾರ ವಿಲ್ಲಿ ನಾರ್ಮೌರ್ ಓಕೆ ಕಂಪನಿಯವರಿಗೆ ಇವರ ಹೆಸರು ಹೇಳಿದ್ದರಿಂದ 1928ರ ಫೆಬ್ರುವರಿಯಲ್ಲಿ ಮೆಂಫಿಸ್‌ಗೂ ಡಿಸೆಂಬರಿನಲ್ಲಿ ನ್ಯೂಯಾರ್ಕಿಗೂ ಹೋಗಿ ಹಾಡಿದರು. ಹೆಸರಿನ ಮೊದಲಿಗೆ ‘ಮಿಸ್ಸಿಸ್ಸಿಪ್ಪಿ’ ಸೇರಿಸಿದ್ದು ಮಾರಾಟಕ್ಕೆಂದು ಕಂಪನಿಯವರೇ. ಡಿಸ್ಕುಗಳು ಹೆಚ್ಚು ಖರ್ಚಾಗಲಿಲ್ಲ, ಹಿಂದೆಯೇ ಆರ್ಥಿಕ ಕುಸಿತ ಬಂತು, ಹರ್ಟ್ ಊರಿಗೆ ಮರಳಿ ಗೇಣಿ ಹೊಲ ಮಾಡಿಕೊಂಡಿದ್ದರು. 1952ರಲ್ಲಿ ಹ್ಯಾರಿ ಸ್ಮಿತ್ ಸಂಪಾದಿಸಿದ ಅಮೆರಿಕದ ಜನಪದ ಸಂಗೀತದ ದೊಡ್ಡ ಸಂಕಲನದಲ್ಲಿ ಇವರ ಎರಡು ಹಾಡು ಸೇರಿದಾಗ ಹೊಸ ತಲೆಮಾರಿನವರು ಕಿವಿ ನಿಮಿರಿಸಿದರು. ಈ ಮನುಷ್ಯ ಬದುಕಿದ್ದಾರೋ ಇಲ್ಲವೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಸುಳಿವು ಹಾಡಿನಲ್ಲೇ ಇತ್ತು: 1928ರ ಒಂದು ಹಾಡಿನಲ್ಲಿ ಅವಲಾನ್ ನನ್ನ ಊರು ಎಂದಿದ್ದರು. ಅದರ ಜಾಡು ಹಿಡಿದು 1963ರಲ್ಲಿ ಹಳೆಯ ಬ್ಲೂಸ್ ಹುಚ್ಚಿನ ಟಾಮ್ ಹಾಸ್ಕಿನ್ಸ್ ಅಲ್ಲಿಗೆ ಹೋದಾಗ ಹರ್ಟ್ ಅಲ್ಲೇ ಇದ್ದರು, ವಯಸ್ಸು 70ರ ಆಸುಪಾಸು. ಅದೇ ಬೇಸಿಗೆಯಲ್ಲಿ ನ್ಯೂಪೋರ್ಟ್ ಜನಪದ ಉತ್ಸವದ ವೇದಿಕೆ. 1966ರ ನವೆಂಬರ್ 2ರಂದು ತೀರಿಕೊಂಡರು. ಊರ ಹೊರಗಿನ ಜಗತ್ತು ಅವರನ್ನು ಎದುರು ಕೂತು ಕೇಳಿದ್ದು ಮೂರು ವರ್ಷ ಚಿಲ್ಲರೆ ಮಾತ್ರ, ‘ಟುಡೇ!’ ಆ ಮೂರು ವರ್ಷದ ಫಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜೋಪಾನ ಮಾಡಬೇಕಾದ ಧ್ವನಿಮುದ್ರಣಗಳ 2009ರ ಪಟ್ಟಿಯಲ್ಲಿ ಇದನ್ನೂ ಸೇರಿಸಿದೆ.

ಈಗ ಡಿಸ್ಕಿಗೆ ಬರೋಣ.

ಮೊದಲ ಹಾಡು ‘ಪೇ ಡೇ’. ಗಿಟಾರಿನ ಎರಡೂ ಅಂಚಿನ ತಂತಿಗಳು ಡಿ ಸ್ವರದಲ್ಲಿ ಝೇಂಕರಿಸುವ ಓಪನ್ ಡಿ ಟ್ಯೂನಿಂಗ್. ಕರ್ನಾಟಕ ಸಂಗೀತ ಕೇಳುವವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಹಾರ್ಮೋನಿಯಂನ ಬಿಳಿ ಎರಡನ್ನು ಷಡ್ಜ ಎಂದುಕೊಂಡರೆ ತಂತಿಗಳು ದಪ್ಪದಿಂದ ತೆಳುವಿಗೆ ಸ ಪ ಸ ಗ ಪ ಸ. ಗಾಂಧಾರ ಅಂತರ ಗಾಂಧಾರ. ತಂಬೂರಿ ಮೀಟಿದಂತೆ ಬರಿ ತಂತಿಗಳನ್ನು ಮೀಟಿದರೂ ಶ್ರುತಿ ತುಂಬಿಕೊಳ್ಳುತ್ತದೆ. ಸ್ಪೀಕರಿನಲ್ಲಿ ಕೇಳುವಾಗ ಆರನೇ ತಂತಿ, ಅಂದರೆ ಅತಿ ದಪ್ಪದ್ದು, ಸ್ಪಷ್ಟವಾಗಿ ಕೇಳದಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ಮೊಬೈಲ್ ಸ್ಪೀಕರಿನಲ್ಲಿ ಹೆಬ್ಬೆರಳಿನ ಅರ್ಧ ಕೆಲಸ ಕೇಳುವುದೇ ಇಲ್ಲ, ಆಮೇಲೆ ‘ಇದರಲ್ಲೇನಿದೆ’ ಅನ್ನಿಸುವುದು ಸಹಜ.

‘ಟಾಕಿಂಗ್ ಕೇಸಿ’ ಕೇಳುವಾಗ ಕೆಲಸ ನಿಲ್ಲಿಸಿ ಕೂರಬೇಕು. 1900ರಲ್ಲಿ ಮಿಸ್ಸಿಸ್ಸಿಪ್ಪಿಯಲ್ಲೇ ನಡೆದ ಅಪಘಾತದಲ್ಲಿ ಸತ್ತ ರೈಲು ಚಾಲಕ ಕೇಸಿ ಜೋನ್ಸ್ ಕಥೆ ಇದು. ತಂತಿಯ ಮೇಲೆ ಸ್ಲೈಡ್ ಎಂಬ ಗಟ್ಟಿ ತುಂಡನ್ನು ಜಾರಿಸುತ್ತಾ ಗಿಟಾರಿನಲ್ಲಿ ರೈಲಿನ ಗಂಟೆ, ಸಿಳ್ಳೆ, ಗಾಲಿಯ ಸದ್ದು ಮಾಡುತ್ತಾರೆ. ಬಾಯಲ್ಲಿ ಮಾತು ಅರ್ಧ ಹೇಳಿ ನಿಲ್ಲಿಸುತ್ತಾರೆ, ಉಳಿದರ್ಧ ಗಿಟಾರು ಹೇಳುತ್ತದೆ. ಹರಿಕಥೆ ದಾಸರು ಅರ್ಧ ಸಾಲು ಬಿಟ್ಟು ಪಿಟೀಲಿನವರ ಕಡೆ ನೋಡುವುದನ್ನು ಕಂಡವರಿಗೆ ಈ ಜಾಣತನ ಕೂಡಲೇ ಹಿಡಿಸುತ್ತದೆ. ಸ್ಲೈಡ್ ಇಲ್ಲಿ ಶುದ್ಧ ಶ್ರುತಿಗೆ ಸದಾ ನಿಲ್ಲುವುದಿಲ್ಲ. ನಮ್ಮ ಮಟ್ಟಿಗೆ ಅದು ಕೊರತೆಯಲ್ಲ, ಸಿಳ್ಳೆ ಯಾವತ್ತೂ ಶ್ರುತಿಗೆ ನಿಂತಿಲ್ಲ.

‘ಕಾಫಿ ಬ್ಲೂಸ್’ ಫಿಲ್ಟರ್ ಕಾಫಿಯ ಊರಿನವರಿಗೆ ತಾನಾಗಿ ಇಷ್ಟವಾಗುವ ಹಾಡು. ಹಾಡಿಗೆ ಮುಂಚೆ ಮ್ಯಾಕ್ಸ್‌ವೆಲ್ ಹೌಸ್ ಕಾಫಿಪುಡಿಯ ಬಗ್ಗೆ ಅವರು ಆಡುವ ಮಾತು ಬಿಡಬೇಡಿ. ಇದೇ ಹಾಡಿನ ಒಂದು ನುಡಿಗಟ್ಟಿನಿಂದ ಜಾನ್ ಸೆಬಾಸ್ಟಿಯನ್ ಅವರ ಲವಿನ್ ಸ್ಪೂನ್‌ಫುಲ್ ಎಂಬ ರಾಕ್ ತಂಡಕ್ಕೆ ಹೆಸರು ಬಂತು. ‘ಕ್ಯಾಂಡಿ ಮ್ಯಾನ್’ ಹೆಸರು ನೋಡಿ ಮಕ್ಕಳ ಪಟ್ಟಿಗೆ ಸೇರಿಸುವವರಿದ್ದಾರೆ. ಅದು ದ್ವಂದ್ವಾರ್ಥದ ಹಾಡು, ಎಚ್ಚರ. ‘ಲೂಯಿಸ್ ಕಾಲಿನ್ಸ್’ ಒಂದು ಕೊಲೆಯ ಹಾಡು, ಆದರೆ ರಾಗ ಜೋಗುಳದಂತಿದೆ. ಸತ್ತವನ ತಾಯಿ ಅಳುವುದನ್ನು ಅಷ್ಟು ಸಿಹಿಯಾದ ಧಾಟಿಯಲ್ಲಿ ಕೇಳಿದಾಗ ಆಗುವ ನೋವು ಬೇರೆಯೇ. ಈ ಡಿಸ್ಕಿನ ಅತಿ ಒಳ್ಳೆಯ ಹಾಡು ಯಾವುದೆಂದು ಕೇಳಿದರೆ ಉತ್ತರ ಇದೇ.

ಇದಕ್ಕೆ ಸಮ ನಿಲ್ಲುವುದು ‘ಸ್ಪೈಕ್ ಡ್ರೈವರ್ಸ್ ಬ್ಲೂಸ್’. ಹಳಿಯ ಕೆಲಸದ ಆಳು ಸುತ್ತಿಗೆಯನ್ನು ಮೇಸ್ತ್ರಿಗೆ ಒಪ್ಪಿಸಿ, ನಾನು ಹೋದೆ ಎಂದು ತಿಳಿಸಿ ಅಂತ ಹೇಳಿ ಹೊರಟುಬಿಡುತ್ತಾನೆ. ದಂತಕಥೆಯ ಸುತ್ತಿಗೆಯಾಳು ಜಾನ್ ಹೆನ್ರಿಯನ್ನು ಕೊಂದ ಸುತ್ತಿಗೆ ನನ್ನನ್ನು ಕೊಲ್ಲಬಾರದು ಎಂಬ ಹಠ. ಸಿಟ್ಟು ಇದೆ, ದನಿ ಮಾತ್ರ ಏರುವುದಿಲ್ಲ. ಹಾಡು 1928ರಲ್ಲೂ ಇದೆ, 1966ರಲ್ಲೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ: ಯುವಕ ಹರ್ಟ್ ಓಡುತ್ತಾರೆ, ಮುದುಕ ಹರ್ಟ್ ನಡೆಯುತ್ತಾರೆ. ನಡೆಯುವ ಹೆಜ್ಜೆಯನ್ನು ಎಣಿಸಬಹುದು, ಆದ್ದರಿಂದಲೇ ಕಲಿಯುವವರಿಗೆ ಮೊದಲು 1966ರದ್ದು ಎಂದದ್ದು.

ಕಲಿಯುವುದು ಹೇಗೆ? ಡಿಸ್ಕಿನ ಜೊತೆ ಯಾವ ಪಾಠವೂ ಬರುವುದಿಲ್ಲ, ಇದು ಅದರ ದೊಡ್ಡ ಕೊರತೆ. ಹಾಗಾಗಿ ದಾರಿ ಇಲ್ಲಿದೆ. ‘ಲೂಯಿಸ್ ಕಾಲಿನ್ಸ್’ ಮಾಮೂಲಿ ಟ್ಯೂನಿಂಗಿನಲ್ಲಿ, ಸಿ ಕಾರ್ಡಿನ ಆಕಾರದಲ್ಲಿ ಸಿಗುತ್ತದೆ. ಎಡಗೈಯಲ್ಲಿ ಸಿ ಹಿಡಿದು, ಬಲಗೈ ಹೆಬ್ಬೆರಳೊಂದರಲ್ಲೇ 5ನೇ ತಂತಿ, 4ನೇ ತಂತಿ, ಮತ್ತೆ 5, ಮತ್ತೆ 4. ಮೆಟ್ರೊನೋಮ್ (ತಾಳ ಹೊಡೆಯುವ ಯಂತ್ರ) ನಿಮಿಷಕ್ಕೆ 60. ಪ್ರತಿ ಏಟಿಗೂ ಒಂದು ತಂತಿ. ಹತ್ತು ನಿಮಿಷ ಇಷ್ಟೇ, ಬೇರೇನೂ ಬೇಡ. ಅಂಗೈಯ ಅಂಚನ್ನು ಬ್ರಿಡ್ಜಿನ (ಗಿಟಾರಿನ ಹೊಟ್ಟೆಯ ಮೇಲೆ ತಂತಿ ಕೂರುವ ಪಟ್ಟಿ) ಹತ್ತಿರ ತಂತಿಗೆ ಸ್ವಲ್ಪ ತಾಗಿಸಿದರೆ ಕೆಳಸ್ಥಾಯಿ ಮೃದಂಗದ ಎಡಗೈಯಂತೆ ದುಮ್ಮೆಂದು ಕೇಳುತ್ತದೆ. ಆ ನಡೆ ಕೈಗೆ ಗಟ್ಟಿಯಾದ ಮೇಲೆ ಮೊದಲ ಏಟಿನಲ್ಲಿ ಹೆಬ್ಬೆರಳಿನ ಜೊತೆಗೆ ನಡುಬೆರಳಿನಿಂದ 1ನೇ ತಂತಿ, ಎರಡನ್ನೂ ಒಟ್ಟಿಗೆ ಚಿವುಟಿದಂತೆ. ಆಮೇಲೆ ಎರಡನೇ ಮತ್ತು ಮೂರನೇ ಏಟಿನ ನಡುವೆ, ಸರಿಯಾಗಿ ಅರ್ಧಕ್ಕೆ, ತೋರುಬೆರಳಿನಿಂದ 2ನೇ ತಂತಿ.

ಎಲ್ಲರೂ ಎಡವುವುದು ಇಲ್ಲೇ. ಬೆರಳು ಏಟಿನ ನಡುವೆ ಬಿದ್ದ ಕೂಡಲೇ ಹೆಬ್ಬೆರಳು ಅದರ ಹಿಂದೆ ಓಡುತ್ತದೆ, ಇಲ್ಲವೇ ಒಂದು ಏಟು ನುಂಗುತ್ತದೆ. ಹೆಬ್ಬೆರಳನ್ನೂ ಬೆರಳನ್ನೂ ಕೈ ಒಂದೇ ಕೆಲಸವೆಂದು ಭಾವಿಸಿರುವುದೇ ಕಾರಣ. ವೇಗ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ, ಮುಚ್ಚಿಹೋಗುತ್ತದೆ, ಒಂದು ತಿಂಗಳ ನಂತರ ಹಾಡಲು ಹೊರಟಾಗ ಮತ್ತೆ ಹೊರಬರುತ್ತದೆ. ಮದ್ದು: ಬೆರಳಿನ ಸದ್ದನ್ನು ಅರ್ಧಕ್ಕೆ ಇಳಿಸಿ, ಹೆಬ್ಬೆರಳನ್ನು ದಪ್ಪಗೆ ಇಟ್ಟುಕೊಳ್ಳಿ. ಏಟು ತಪ್ಪದೆ ನುಡಿಸುತ್ತಲೇ ಮನೆಯವರ ಮಾತಿಗೆ ಉತ್ತರ ಕೊಡಲು ಬಂದರೆ ಹೆಬ್ಬೆರಳು ಸ್ವತಂತ್ರವಾಯಿತು ಎಂದು ಲೆಕ್ಕ. ಅಲ್ಲಿಂದ ಮುಂದೆ ಮೆಟ್ರೊನೋಮನ್ನು 4ರಂತೆ ಏರಿಸಬಹುದು.

ಎಫ್ ಕಾರ್ಡಿಗೆ ಬಾರ್ರೆ (ಒಂದೇ ಬೆರಳನ್ನು ಅಡ್ಡ ಇಟ್ಟು ಎಲ್ಲ ತಂತಿ ಒತ್ತುವುದು) ಹಿಡಿಯಬೇಡಿ. ಎಡಗೈ ಹೆಬ್ಬೆರಳನ್ನು ಕತ್ತಿನ ಮೇಲಿಂದ ತಂದು 6ನೇ ತಂತಿಯ ಮೊದಲ ಫ್ರೆಟ್ ಒತ್ತಿ. ಹಾಗೆ ಮಾಡಿದರೆ ಉಳಿದ ಬೆರಳು ರಾಗಕ್ಕೆ ಬಿಡುವಾಗುತ್ತವೆ. ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಗಲ 43 ಮಿ.ಮೀ. ಇರುವ ಗಿಟಾರಿನಲ್ಲಿ ಇದು ಸಾಧ್ಯ, 45 ಆದರೆ ಸಣ್ಣ ಕೈಗೆ ಕಷ್ಟ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಆ ಅಗಲ 52ರವರೆಗೂ ಹೋಗುತ್ತದೆ, ಅದರಲ್ಲಿ ಪ್ರಯತ್ನವೇ ಬೇಡ. ಪಿಕ್ ಬೇಡ, ಉದ್ದ ಉಗುರೂ ಬೇಡ. ಹರ್ಟ್ ಅವರ ಮೆತ್ತನೆಯ ನಾದ ಬರುವುದು ಬರಿ ಬೆರಳಿನ ಮಾಂಸದಿಂದ.

‘ಪೇ ಡೇ’ಗೆ ಟ್ಯೂನಿಂಗ್ ಬದಲಿಸುವ ಕ್ರಮ ಹೀಗೆ. 6ನೇ ತಂತಿ ಇ ಇಂದ ಡಿಗೆ, 3ನೇ ತಂತಿ ಜಿ ಇಂದ ಎಫ್ ಶಾರ್ಪಿಗೆ, 2ನೇ ತಂತಿ ಬಿ ಇಂದ ಎಗೆ, 1ನೇ ತಂತಿ ಇ ಇಂದ ಡಿಗೆ. 5 ಮತ್ತು 4 ಹಾಗೇ ಇರಲಿ. ಸ್ವರಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತಂದು ನಿಲ್ಲಿಸಿ. ಮೇಲಿನಿಂದ ಇಳಿಸಿ ಹಾಗೇ ಬಿಟ್ಟರೆ ಬಿರಟೆಯ ಹಲ್ಲಿನಲ್ಲಿ ಸಡಿಲ ಉಳಿದು ಎರಡು ನಿಮಿಷಕ್ಕೇ ಶ್ರುತಿ ಜಾರುತ್ತದೆ. ಟ್ಯೂನರ್ ಇಲ್ಲದೆ ನೋಡಲು 7, 5, 4, 3, 5 ನೆನಪಿಡಿ: 6ನೇ ತಂತಿಯ 7ನೇ ಫ್ರೆಟ್ ಬರಿ 5ನೇ ತಂತಿಗೆ ಕೂಡಬೇಕು, 5ನೆಯದರ 5 ಬರಿ 4ನೆಯದಕ್ಕೆ, ಹೀಗೆ ಕೆಳಗಿನವರೆಗೆ. ತಂತಿ ಸಡಿಲವಾಗುವುದರಿಂದ ತೆಳು ತಂತಿಗಳ 11ರ ಸೆಟ್ ಹಾಕಿದ ಗಿಟಾರಿನಲ್ಲಿ 6ನೆಯದು ಫ್ರೆಟ್ಟಿಗೆ ಬಡಿದು ಝಣಗುಟ್ಟಬಹುದು. ತುಸು ದಪ್ಪನೆಯ 12ರ ಸೆಟ್ ಹಾಕಿ.

ಝಣಗುಟ್ಟುವುದಕ್ಕೆ ಬೆಂಗಳೂರಿನ ಹವೆಯೂ ಕಾರಣವಾಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆಯಲ್ಲಿ ಗಿಟಾರಿನ ಮೇಲ್ಹಲಗೆ ಕುಗ್ಗಿ ತಂತಿ ಕೆಳಗಿಳಿಯುತ್ತದೆ, ಫ್ರೆಟ್ಟಿನ ತುದಿಗಳು ಕೈಗೆ ತರಚುತ್ತವೆ. ಮಳೆಗಾಲದಲ್ಲಿ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ಬೆರಳು ನೋಯುತ್ತದೆ. 12ನೇ ಫ್ರೆಟ್ಟಿನ ಮೇಲೆ 6ನೇ ತಂತಿ ಸುಮಾರು 2.4 ಮಿ.ಮೀ., 1ನೇ ತಂತಿ ಸುಮಾರು 1.8 ಮಿ.ಮೀ. ಎತ್ತರದಲ್ಲಿದ್ದರೆ ಈ ಬಾನಿಗೆ ಹಿತ. ಕೇಸಿನೊಳಗೆ ಸಣ್ಣ ತೇವಮಾಪಕ ಇಟ್ಟು 45ರಿಂದ 55 ಪ್ರತಿಶತ ಕಾಯ್ದುಕೊಂಡರೆ ವರ್ಷಕ್ಕೆ ಎರಡು ಸಲ ರಿಪೇರಿ ಅಂಗಡಿಗೆ ಹೋಗುವುದು ತಪ್ಪುತ್ತದೆ.

1928ರ ಸಿಡಿ ಬಗ್ಗೆ. ಇದರ ಸದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ 78 ತಟ್ಟೆಗಳಿಂದ ಎತ್ತಿದ್ದು, ಹಿನ್ನೆಲೆಯಲ್ಲಿ ಎಣ್ಣೆಗೆ ಸಾಸಿವೆ ಬಿದ್ದಂಥ ಚಟಪಟ ಇದ್ದೇ ಇರುತ್ತದೆ. ಎರಡು ಹಾಡು ಕಳೆಯುವಷ್ಟರಲ್ಲಿ ಕಿವಿ ಅದನ್ನು ಮರೆಯುತ್ತದೆ. ಆ ಕಾಲದ 78 ತಟ್ಟೆಗಳಿಗೆ ಬೇಕಾಗಿದ್ದ ಅರಗಿನ ಬಹುಪಾಲು ಹಡಗು ಹತ್ತುತ್ತಿದ್ದುದು ನಮ್ಮ ದೇಶದಿಂದಲೇ. ಆ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ, ಹಾಡುಗಳು ಅಷ್ಟಕ್ಕೇ ನಿಲ್ಲುವುದು ಅದರಿಂದ. ಇದರ ಜೊತೆ ನುಡಿಸಲು ಕೂತರೆ ಒಂದು ತೊಂದರೆ ಎದುರಾಗುತ್ತದೆ: ಆ ಕಾಲದ ಮುದ್ರಣಯಂತ್ರಗಳ ವೇಗ ಕರಾರುವಾಕ್ಕಾಗಿ 78ಕ್ಕೆ ನಿಲ್ಲುತ್ತಿರಲಿಲ್ಲ, ಹಾಗಾಗಿ ಹಾಡು ನಿಮ್ಮ ಟ್ಯೂನರಿನ 440 ಹರ್ಟ್ಸ್‌ ಶ್ರುತಿಗೆ ಕೂಡದೆ ಎರಡು ಸ್ವರದ ನಡುವೆ ನಿಲ್ಲಬಹುದು. ಗಿಟಾರನ್ನು ತಿರುಚಬೇಡಿ. ಮೊಬೈಲಿನಲ್ಲಿ ಶ್ರುತಿ ಬದಲಿಸುವ ಆ್ಯಪ್ ಹಾಕಿ ಹಾಡನ್ನೇ ಗಿಟಾರಿಗೆ ಹೊಂದಿಸಿಕೊಳ್ಳಿ.

ಆನ್‌ಲೈನಿನಲ್ಲಿ ಹರ್ಟ್ ಹೆಸರಿನಲ್ಲಿ ಹತ್ತಾರು ಅಗ್ಗದ ಸಂಕಲನಗಳಿವೆ. 1928, 1963, ವ್ಯಾನ್‌ಗಾರ್ಡ್ ಎಲ್ಲವನ್ನೂ ಕಲಸಿ, ವರ್ಷ ಬರೆಯದೆ ಮಾರುತ್ತಾರೆ. ಒಂದೇ ಹಾಡು ಮೂರು ಸಲ ಕೊಂಡಂತಾಗುತ್ತದೆ. ಮುದ್ರಣದ ವರ್ಷ ಬರೆಯದಿರುವುದನ್ನು ಮುಟ್ಟಬೇಡಿ.

ಎಲ್‌ಪಿಯೇ ಬೇಕೆನ್ನುವವರಿಗೆ ಎರಡು ಮಾತು. ಅಮೆರಿಕದಿಂದ ನೆಂಟರು ತಂದುಕೊಟ್ಟ ಹಳೆಯ ಟರ್ನ್‌ಟೇಬಲ್ ಈ ಊರಿನ ಅನೇಕ ಮನೆಗಳಲ್ಲಿದೆ. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಆವರ್ತನ ಮಾತ್ರ ನಮ್ಮ 50 ಹರ್ಟ್ಸ್‌ ಆಗಿಯೇ ಉಳಿಯುತ್ತದೆ. ಮೋಟರು ಎಸಿ ಸಿಂಕ್ರೊನಸ್ (ಆವರ್ತನಕ್ಕೆ ತಕ್ಕ ವೇಗದಲ್ಲಿ ತಿರುಗುವಂಥದ್ದು) ಆಗಿದ್ದು 60 ಹರ್ಟ್ಸ್‌ಗೆ ಮಾಡಿದ್ದಾದರೆ 33⅓ರ ಬದಲು ನಿಮಿಷಕ್ಕೆ 27.8 ಸುತ್ತು ತಿರುಗುತ್ತದೆ. ಸಿ ಯಲ್ಲಿರುವ ಹಾಡು ಎ ಗಿಂತ ತುಸು ಕೆಳಗೆ ಕೇಳುತ್ತದೆ, ಹರ್ಟ್ ನಿದ್ದೆಗಣ್ಣಿನಲ್ಲಿ ಹಾಡಿದಂತಿರುತ್ತದೆ. ಡಿಸ್ಕಿನದಲ್ಲ ಆ ದೋಷ. 50 ಹರ್ಟ್ಸ್‌ಗೆ ಹೊಂದುವ ಪುಲ್ಲಿ ಹಾಕಿಸಬೇಕು. ಡಿಸಿ ಮೋಟರಿನ ಯಂತ್ರಕ್ಕೆ ಈ ಕಾಟವಿಲ್ಲ. ಎಲ್‌ಪಿ ಒರೆಸಲು ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸುವ ರೂಢಿಯಿದೆ. ಅದೇ ನೀರನ್ನು ಅಜ್ಜನ ಕಾಲದ 78ಕ್ಕೆ ತಾಗಿಸಿದರೆ ಅರಗು ಕರಗಿ ತಟ್ಟೆ ಹಾಳಾಗುತ್ತದೆ.

ಬಳಸಿದ ಪ್ರತಿ ಕೊಳ್ಳುವುದಾದರೆ ಅಂಗಡಿಯವರು ಮೊದಲ ಹಾಡು ಹಾಕಿ ತೋರಿಸುತ್ತಾರೆ. ಅದು ಸಾಲದು. ಹೊರಗಿನ ಗೆರೆಗಳು ಸವೆದರೂ ಚೆನ್ನಾಗಿಯೇ ಕೇಳುತ್ತವೆ. ಒಳಗೆ ಹೋದಂತೆ ಸುತ್ತು ಚಿಕ್ಕದಾಗಿ ಅಷ್ಟೇ ಸದ್ದನ್ನು ಕಡಿಮೆ ಉದ್ದದ ಗೆರೆಯಲ್ಲಿ ಅಡಕಬೇಕಾಗುತ್ತದೆ, ಸವೆತ ಮೊದಲು ಕಾಣುವುದು ಅಲ್ಲೇ. ಡಿಸ್ಕಿನ ಕೊನೆಯ ಹಾಡು ‘ಬ್ಯೂಲಾ ಲ್ಯಾಂಡ್’ ಹಾಕಿಸಿ. ಹರ್ಟ್ ಅವರ ದನಿಯಲ್ಲಿ ‘ಸ’ಕಾರ ಉಸಿರಿನಂತೆ ಬಂದರೆ ದುಡ್ಡು ಕೊಡಿ, ಮರಳು ಕೆರೆದಂತೆ ಬಂದರೆ ಇನ್ನೊಂದು ಪ್ರತಿ ಹುಡುಕಿ.